ಬಂದೂಕು ಹಿಡಿದ ಸಾಂತಾ ಮತ್ತು ಹನ್ನೊಂದು ಡಿಸೆಂಬರ್‌ಗಳು

ದೀಪಾವಳಿ ವಿಶೇಷಾಂಕಕ್ಕೆ ವರ್ಷವೂ ತಪ್ಪದೆ ಕತೆ ಕೊಡುವ ಲೇಖಕರು ನಮ್ಮಲ್ಲಿದ್ದಾರಲ್ಲ, ಹಾಗೆಯೇ ಅಮೆರಿಕದ ‘ದ ಕಿಲ್ಲರ್ಸ್’ ಎಂಬ ರಾಕ್ ಬ್ಯಾಂಡ್ 2006ರಿಂದ 2016ರವರೆಗೆ ಪ್ರತಿ ಕ್ರಿಸ್ಮಸ್‌ಗೂ ಒಂದು ಹಾಡು ಕೊಟ್ಟಿತು. ಹಾಡಿನಿಂದ ಬಂದ ಹಣ ಆಫ್ರಿಕಾದ ಏಡ್ಸ್ ರೋಗಿಗಳ ನೆರವಿಗೆ. ಹೆಸರು ಕೊಲೆಗಡುಕರದ್ದು, ಊರು ಜೂಜುಕಟ್ಟೆಗಳ ಲಾಸ್ ವೇಗಸ್. ಧರ್ಮಕಾರ್ಯಕ್ಕೆ ಇವೆರಡೂ ಅಡ್ಡಬರಲಿಲ್ಲ.

ದಾನಕ್ಕಾಗಿ ಕ್ರಿಸ್ಮಸ್ ಹಾಡು ಎಂದ ಕೂಡಲೇ ನೆನಪಾಗುವುದು 1984ರ ‘ಬ್ಯಾಂಡ್ ಏಡ್’. ಇಥಿಯೋಪಿಯಾದ ಬರಗಾಲದ ಬಗ್ಗೆ ಬಿಬಿಸಿ ವರದಿ ನೋಡಿ ಕಲಕಿಹೋದ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಸೇರಿ ಹಾಡು ಬರೆದು, ಬ್ರಿಟನ್ನಿನ ಹೆಸರಾಂತ ಗಾಯಕರನ್ನೆಲ್ಲ ಲಂಡನ್ನಿನ ಸ್ಟುಡಿಯೊ ಒಂದಕ್ಕೆ ಕರೆಸಿ ಹಾಡಿಸಿದರು. ಹಣವೇನೋ ಹೊಳೆಯಾಗಿ ಹರಿಯಿತು. ಆದರೆ ಅಲ್ಲಿಯವರಿಗೆ ಕ್ರಿಸ್ಮಸ್ ಬಂದದ್ದಾದರೂ ಗೊತ್ತೇ ಎಂದು ಕೇಳುವ ಆ ಹಾಡು, ನಾಲ್ಕನೇ ಶತಮಾನದಿಂದಲೇ ಕ್ರೈಸ್ತಧರ್ಮ ಬೇರೂರಿದ ನಾಡನ್ನು ಕುರಿತದ್ದು! ಜನವರಿ 7ಕ್ಕೆ ಕ್ರಿಸ್ಮಸ್ ಆಚರಿಸುವ ಇಥಿಯೋಪಿಯನ್ನರಿಗೆ ಅದು ಹೇಗೆ ಕೇಳಿಸಿರಬೇಕು?

ಕಿಲ್ಲರ್ಸ್ ಈ ಗೋಜಿಗೇ ಹೋಗಲಿಲ್ಲ. ಅವರ ಹಾಡುಗಳಲ್ಲಿ ಆಫ್ರಿಕಾ ಇಲ್ಲ, ಏಡ್ಸ್ ಇಲ್ಲ, ಕರುಣೆಯ ಕರೆಯೂ ಇಲ್ಲ. 2007ರ ‘ಡೋಂಟ್ ಶೂಟ್ ಮಿ ಸಾಂತಾ’ದಲ್ಲಿ ತಪ್ಪು ಮಾಡಿದ ಹುಡುಗನನ್ನು ಸಾಂತಾಕ್ಲಾಸ್ ಬಂದೂಕು ಹಿಡಿದು ಬೆನ್ನಟ್ಟುತ್ತಾನೆ. ಬ್ಯಾಂಡಿನ ಗೆಳೆಯ ರಯಾನ್ ಪಾರ್ಡಿ ನಟಿಸಿದ ಈ ಸಿಡುಕು ಸಾಂತಾ 2012ರಲ್ಲಿ ಮತ್ತೆ ಬರುತ್ತಾನೆ, 2015ರಲ್ಲಿ ಮತ್ತೊಮ್ಮೆ. ಒಂದು ವರ್ಷ ಮೆಕ್ಸಿಕೊದ ಮರಿಯಾಚಿ ವಾದ್ಯಗಳ ಮೊಳಗು. ಇನ್ನೊಂದು ವರ್ಷ ಟೆಕ್ಸಸ್‌ನ ದನಗಾಹಿಗಳ ಕುಣಿತದ ಬಗ್ಗೆ 1890ರ ಹಳೆಯ ಪದ್ಯಕ್ಕೆ ರಾಗ. 2014ರಲ್ಲಿ ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಜೊತೆ ಸೇರಿ ಕಟ್ಟಿದ, ಕಲ್ಲಿದ್ದಲ ತುಂಡೊಂದರ ಕತೆ. ಎಲ್ಲವೂ ಚೆನ್ನಾಗಿವೆ ಎನ್ನಲಾರೆ. ಕೆಲವಂತೂ ಗೆಳೆಯರ ಕೂಟದ ತಮಾಷೆಯಷ್ಟೇ. ಆದರೆ ಯಾರ ಸಂಕಟವನ್ನೂ ಮೆರವಣಿಗೆ ಮಾಡದೆ ರೋಗಿಗಳ ಪಾಲಿನ ಹಣವನ್ನು ಅವರಿಗೆ ತಲುಪಿಸುವ ಈ ರೀತಿ ನನಗೆ ಹೆಚ್ಚು ಸಭ್ಯವಾಗಿ ಕಾಣುತ್ತದೆ.

ಹಣ ಸಾಗಿದ ದಾರಿಯೂ ಕುತೂಹಲದ್ದು. ಯು2 ಬ್ಯಾಂಡಿನ ಗಾಯಕ ಬೋನೊ ಮತ್ತು ಅಮೆರಿಕದ ಸಾಮಾಜಿಕ ಕಾರ್ಯಕರ್ತ ಬಾಬಿ ಶ್ರೈವರ್ 2006ರಲ್ಲಿ ‘ರೆಡ್’ ಎಂಬ ಯೋಜನೆ ಶುರುಮಾಡಿದ್ದರು. ಕಂಪನಿಗಳು ಕೆಂಪು ಗುರುತಿನ ಸರಕು ಮಾರಿ ಲಾಭದ ಒಂದು ಭಾಗವನ್ನು ಏಡ್ಸ್ ಮುಂತಾದ ರೋಗಗಳ ವಿರುದ್ಧ ಹೋರಾಡುವ ಜಿನೀವಾದ ಗ್ಲೋಬಲ್ ಫಂಡ್‌ಗೆ ಕೊಡಬೇಕು. ಕಿಲ್ಲರ್ಸ್ ಹಾಡುಗಳ ಹಣವೂ ಇದೇ ಕಾಲುವೆಗೆ ಸೇರಿತು. ಫಂಡ್‌ನ ನೆರವಿನಿಂದ ಕೊಂಡ ಏಡ್ಸ್ ಮಾತ್ರೆಗಳಲ್ಲಿ ಬಹುಪಾಲು ತಯಾರಾದದ್ದು ಭಾರತದ ಕಾರ್ಖಾನೆಗಳಲ್ಲಿ. ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ತಗಲುತ್ತಿದ್ದ ಔಷಧವನ್ನು ದಿನಕ್ಕೆ ಒಂದು ಡಾಲರಿನಂತೆ ಕೊಡುತ್ತೇವೆಂದು ಮುಂಬಯಿಯ ಔಷಧ ಕಂಪನಿ ಸಿಪ್ಲಾ 2001ರಲ್ಲಿ ಮುಂದೆ ಬಂದಿತ್ತು. ಆಮೇಲೆ ಬೆಲೆ ಇನ್ನೂ ಇಳಿಯಿತು. ಅಷ್ಟು ಅಗ್ಗವಾದ ಮೇಲಷ್ಟೇ ಹಾಡು ಮಾರಿ ಬರುವ ಪುಡಿಗಾಸಿಗೂ ಬೆಲೆ ಬಂದದ್ದು.

2016ರಲ್ಲಿ ಕಿಲ್ಲರ್ಸ್, ತಮ್ಮ ಗಾಯಕ ಬ್ರ್ಯಾಂಡನ್ ಫ್ಲವರ್ಸ್‌ಗೆ ಬಾಲ್ಯದಲ್ಲಿ ಪಾಠ ಹೇಳಿದ ಮೇಷ್ಟ್ರನ್ನೇ ಕರೆತಂದು ಅವರ ಜೊತೆ ಒಂದು ಹಳೆಯ ಕ್ರಿಸ್ಮಸ್ ಹಾಡು ಹಾಡಿದರು. ಅದೂ ಸೇರಿದಂತೆ ಹನ್ನೊಂದನ್ನೂ ‘ಡೋಂಟ್ ವೇಸ್ಟ್ ಯುವರ್ ವಿಶಸ್’ ಎಂಬ ಆಲ್ಬಮ್ಮಿನಲ್ಲಿ ಕೂಡಿಸಿ, ವಾರ್ಷಿಕ ಪರಿಪಾಠ ನಿಲ್ಲಿಸಿದರು. ಹೊಸದಾಗಿ ಕೇಳುವವರು 2008ರ ‘ಜೋಸೆಫ್, ಬೆಟರ್ ಯು ದ್ಯಾನ್ ಮಿ’ಯಿಂದ ಶುರುಮಾಡಬಹುದು. ಗಾಯಕರಾದ ಎಲ್ಟನ್ ಜಾನ್, ನೀಲ್ ಟೆನೆಂಟ್ ದನಿಗೂಡಿಸಿದ ಆ ಹಾಡು, ಕ್ರಿಸ್ಮಸ್ ಗೋದಲಿಯಲ್ಲಿ ಯಾರೂ ಹೆಚ್ಚಾಗಿ ಗಮನಿಸದ ಬಡಗಿ ಜೋಸೆಫನನ್ನು ಮಾತಾಡಿಸುತ್ತದೆ: ತನ್ನದಲ್ಲದ ಮಗುವಿಗೆ ತಂದೆಯಾಗಿ ನಿಲ್ಲುವುದು ಹೇಗಿರುತ್ತದಪ್ಪಾ ಎಂದು.