ಹಂದಿಯ ಸಂಸಾರ, ಬೇಟೆಯ ಒಕ್ಕ

ಕಾಡುಹಂದಿಯ ಹಿಂಡಿನಲ್ಲಿ ಯಜಮಾನಿಕೆ ಹೆಣ್ಣಿನದು. ವಯಸ್ಸಾದ ಒಂದು ತಾಯಿಹಂದಿ, ಅದರ ಬೆಳೆದ ಹೆಣ್ಣುಮಕ್ಕಳು, ಆ ಹೆಣ್ಣುಮಕ್ಕಳ ಮರಿಗಳು, ಹಿಂದಿನ ಸೂಲಿನ ಪಡ್ಡೆಗಳು ಎಲ್ಲ ಸೇರಿ ಒಂದು ಹಿಂಡು. ಎಲ್ಲಿ ಮೇಯಬೇಕು, ಯಾವ ಹಳ್ಳದಲ್ಲಿ ಕೆಸರಾಡಬೇಕು, ಅಪಾಯ ಕಂಡಾಗ ಯಾವ ದಾರಿ ಹಿಡಿಯಬೇಕು ಎಂಬುದೆಲ್ಲ ಹಿರಿಯ ಹೆಣ್ಣಿನ ಅನುಭವಕ್ಕೆ ಬಿಟ್ಟದ್ದು. ಗಂಡುಮರಿ ಒಂದು-ಒಂದೂವರೆ ವರ್ಷದೊಳಗೆ ಹಿಂಡು ಬಿಟ್ಟು ಹೊರಡುತ್ತದೆ. ಬಲಿತ ಮೇಲೆ ಅದು ಒಂಟಿಯಾಗಿ ತಿರುಗಿ, ಬೆದೆಯ ಕಾಲದಲ್ಲಿ ಮಾತ್ರ ಹೆಣ್ಣುಗಳ ಬಳಿ ಬರುತ್ತದೆ. ಮಲೆನಾಡಿನ ಬೇಟೆಯ ಕಥೆಗಳಲ್ಲೆಲ್ಲ ಬರುವ ‘ಒಂಟಿಗ’ ಈ ಗಂಡೇ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಪ್ರಾಣಿಗೆ ಸುಸ್ ಸ್ಕ್ರೋಫಾ ಎಂದು ಹೆಸರಿಟ್ಟ. ಯೂರೋಪಿನಿಂದ ಜಪಾನಿನವರೆಗೆ ಹರಡಿರುವ ಈ ಜಾತಿಯೇ ಸಾಕುಹಂದಿಯ ಮೂಲ. ಭಾರತದ ಉಪಜಾತಿಗೆ ಕತ್ತಿನಿಂದ ಬೆನ್ನಿನುದ್ದಕ್ಕೂ ಒರಟು ಕೂದಲಿನ ಜುಟ್ಟು ಇರುತ್ತದೆ. ಸಿಟ್ಟು ಬಂದಾಗ ಅದು ನಿಗುರುತ್ತದೆ. ಬಲಿತ ಗಂಡು ಭುಜದ ಬಳಿ 90 ಸೆಂಟಿಮೀಟರಿನಷ್ಟು ಎತ್ತರ ನಿಲ್ಲುತ್ತದೆ.

ಇಡೀ ದೇಹದಲ್ಲಿ ಮುಖ್ಯವಾದದ್ದು ಮೂತಿ. ಮೂತಿಯ ತುದಿಯ ಚಪ್ಪಟೆ ಬಿಲ್ಲೆಗೆ ಒಳಗಿನಿಂದ ಆಸರೆಯಾಗಿ ಒಂದು ಪುಟ್ಟ ಮೂಳೆಯಿದೆ. ಅದರ ಬಲದಿಂದಲೇ ಹಂದಿ ಗಟ್ಟಿ ನೆಲವನ್ನೂ ನೇಗಿಲಿನಂತೆ ಸೀಳಿ ಗೆಡ್ಡೆ, ಬೇರು, ಎರೆಹುಳು, ಗೊಣ್ಣೆಹುಳು ಹೆಕ್ಕುತ್ತದೆ. ವಾಸನೆ ಹಿಡಿಯುವ ವಂಶವಾಹಿಗಳು ಹಂದಿಯಲ್ಲಿ ಸಾವಿರಕ್ಕೂ ಹೆಚ್ಚು. ಮನುಷ್ಯನಲ್ಲಿ ಕೆಲಸ ಮಾಡುವಂಥವು ಸುಮಾರು ನಾನೂರು. ಕಿವಿಯೂ ಚುರುಕು. ಕಣ್ಣು ಮಾತ್ರ ಮಂದ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಅಲುಗಾಡದೆ ನಿಂತವನ ಹತ್ತಿರಕ್ಕೇ ಹಂದಿ ಬಂದುಬಿಡಬಹುದು. ಗಾಳಿ ತಿರುಗಿತೋ, ದೂರದಿಂದಲೇ ಪರಾರಿ.

ಕೋರೆಹಲ್ಲು ಗಂಡಿಗೆ ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಮೇಲಿನ ಕೋರೆಯೂ ಕೆಳಗಿನದೂ ಒಂದಕ್ಕೊಂದು ಉಜ್ಜಿಕೊಂಡು, ಕೆಳಗಿನದು ಸದಾ ಹರಿತವಾಗಿರುತ್ತದೆ. ಹಂದಿ ತಲೆ ತಗ್ಗಿಸಿ ನುಗ್ಗಿ ಮೇಲಕ್ಕೆ ಸೀಳುವುದರಿಂದ ಬೇಟೆಗಾರನಿಗೆ ಗಾಯವಾಗುವುದು ಹೆಚ್ಚಾಗಿ ತೊಡೆಗೆ, ಬೇಟೆನಾಯಿಗೆ ಹೊಟ್ಟೆಗೆ. ಗಂಡುಗಳು ತಮ್ಮತಮ್ಮಲ್ಲೇ ಕಾದಾಡುವಾಗ ಈ ಕೋರೆಯ ಹೊಡೆತ ತಡೆಯಲು ಅವುಗಳ ಭುಜ ಮತ್ತು ಪಕ್ಕೆಯ ಚರ್ಮದಡಿ ದಪ್ಪನೆಯ ಗಡುಸು ಪದರ ಬೆಳೆದಿರುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಇಲ್ಲವೆನ್ನುವಷ್ಟು ಕಡಿಮೆ. ಕೆಸರಿನಲ್ಲಿ ಹೊರಳುವುದು ಅದಕ್ಕಾಗಿಯೇ, ಕೊಳಕು ಇಷ್ಟವೆಂದಲ್ಲ.

ಗುಂಪುಬೇಟೆ ರೂಪುಗೊಂಡದ್ದು ಈ ಸ್ವಭಾವಕ್ಕೆ ತಕ್ಕಂತೆ. ಹಗಲು ಹೊತ್ತು ಹಂದಿ ದಟ್ಟ ಹಳುವಿನಲ್ಲಿ ಮಲಗಿರುತ್ತದೆ. ಮೂಗು ಅಷ್ಟು ಚುರುಕಾದ ಪ್ರಾಣಿಯನ್ನು ಅಂಥ ಕಡೆ ಒಬ್ಬನೇ ಹುಡುಕಿ ಸಮೀಪಿಸುವುದು ಕಷ್ಟ. ಆದ್ದರಿಂದ ಮಲೆನಾಡಿನಲ್ಲೂ ಕೊಡಗಿನಲ್ಲೂ ಬೇಟೆಗಾರರು ಎರಡು ಪಾಲಾಗುತ್ತಿದ್ದರು. ಕೋವಿ ಹಿಡಿದವರು ಹಂದಿ ಓಡಿಬರುವ ಜಾಡುಗಳಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು, ಬಿಲ್ಲಿಗೆ, ಅಂದರೆ ಕಾಯುವ ಜಾಗಕ್ಕೆ, ನಿಲ್ಲುತ್ತಿದ್ದರು. ಉಳಿದವರು ನಾಯಿಗಳೊಂದಿಗೆ ಕೂಗು ಹಾಕುತ್ತ ಹಳು ನುಗ್ಗಿ ಮಿಕವನ್ನು ಅವರ ಕಡೆಗೆ ಎಬ್ಬಿಸುತ್ತಿದ್ದರು. ಹಳುವಿನೊಳಗೆ ತಮ್ಮವರೇ ಇರುವಾಗ ಸದ್ದು ಕೇಳಿದ ಕಡೆಗೆಲ್ಲ ಈಡು ಹಾರಿಸುವಂತಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಮಾತು ಯಾರು ಕೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಒಂದೇ ಮನೆತನದವರು, ನೆರೆಹೊರೆಯವರು ಕೂಡಿ ಬೇಟೆಯಾಡಿದಾಗ ಈ ಶಿಸ್ತು ತಾನಾಗಿ ಬರುತ್ತಿತ್ತು. ಕೊಡವರಲ್ಲಿ ಅದಕ್ಕೆ ಒಕ್ಕವೇ ಆಧಾರ: ಒಂದೇ ಐನ್‌ಮನೆಗೆ ಸೇರಿದ ಕುಲದವರು. ಸಿಕ್ಕಿದ ಹಂದಿಯ ಹಂಚಿಕೆಗೂ ಕಟ್ಟಳೆಯಿತ್ತು. ಗುರಿ ಹೊಡೆದವನಿಗೆ ವಿಶೇಷ ಪಾಲು, ಜೊತೆಗೆ ಬಂದವರಿಗೆಲ್ಲ ಪಾಲು, ನಾಯಿಗಳಿಗೂ ಪಾಲು. ಕಾಚಂಪುಳಿ ಎಂಬ ಹುಳಿ ಹಾಕಿದ ಪಂದಿಕರಿ (ಹಂದಿಮಾಂಸದ ಸಾರು) ಕೊಡವರ ಊಟದಲ್ಲಿ ಇಷ್ಟು ದೊಡ್ಡ ಜಾಗ ಪಡೆದದ್ದರ ಹಿಂದೆ ಈ ಕೂಡುಬೇಟೆಯೂ ಇದೆ.

ಸೆಪ್ಟೆಂಬರಿನಲ್ಲಿ ಬರುವ ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಗದ್ದೆ ನಾಟಿ ಮುಗಿದು ಕಾಡಿನ ಕಡೆ ಹೊರಡಲು ಪುರುಸೊತ್ತು ಸಿಗುವ ಕಾಲ ಅದು. ಪೈರನ್ನು ಹಂದಿಯಿಂದ ಕಾಯಬೇಕಾದ ಕಾಲವೂ ಹೌದು. ಇಂದು ಬೇಟೆಯ ಜಾಗದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ.

ಕನ್ನಡ ನಾಡಿನ ಹಂದಿಬೇಟೆಗೆ ಕಲ್ಲಿನ ಸಾಕ್ಷಿಯೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ತನ್ನೊಡೆಯ ಗಂಗರ ಅರಸ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೆರ ನಾಯಿಗಾಗಿ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಶತಮಾನ ಬೇಟೆಯಾಡಿದರೂ ಹಂದಿ ಕಡಿಮೆಯಾಗಲಿಲ್ಲವೇಕೆ? ಗಬ್ಬದ ಅವಧಿ ಸುಮಾರು 115 ದಿನ. ಹೆರುವ ಮುನ್ನ ತಾಯಿ ಹಿಂಡಿನಿಂದ ಸರಿದು ಹುಲ್ಲು, ಸೊಪ್ಪು ಒಟ್ಟಿ ಗೂಡು ಮಾಡುತ್ತದೆ. ನಾಲ್ಕರಿಂದ ಆರು ಮರಿ ಮಾಮೂಲು. ಮೇವು ಚೆನ್ನಾಗಿದ್ದರೆ ಇನ್ನೂ ಹೆಚ್ಚು. ಮರಿಗಳ ಮೈಮೇಲಿನ ಹಳದಿ-ಕಂದು ಪಟ್ಟೆಗಳು ಕೆಲವು ತಿಂಗಳಲ್ಲಿ ಮಾಸುತ್ತವೆ. ಹೊಟ್ಟೆ ತುಂಬ ಸಿಕ್ಕಿದ ಹೆಣ್ಣುಮರಿ ವರ್ಷ ತುಂಬುವ ಮೊದಲೇ ಬೆದೆಗೆ ಬರಬಲ್ಲದು. ಬತ್ತ, ಜೋಳ, ಕಬ್ಬು, ಕಡಲೆಕಾಯಿ ಬೆಳೆದ ಹೊಲ ಕಾಡಿನಂಚಿನಲ್ಲೇ ಇದ್ದರೆ ಹೊಟ್ಟೆ ತುಂಬುವುದಕ್ಕೆ ಬರವಿಲ್ಲ. ಈಶಾನ್ಯ ಫ್ರಾನ್ಸಿನಲ್ಲಿ ಬೇಟೆಯ ಒತ್ತಡ ಹೆಚ್ಚಿರುವ ಒಂದು ಕಾಡಿನ ಹಂದಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿದವರು ಇನ್ನೊಂದು ಸಂಗತಿ ಕಂಡರು: ವರ್ಷಗಳು ಕಳೆದಂತೆ ಅಲ್ಲಿನ ಮರಿಗಳು ಹುಟ್ಟುವ ಕಾಲವೇ ಮುಂಚಿತವಾಗುತ್ತ ಬಂದಿತ್ತು. ಬೇಗ ಹುಟ್ಟಿದ ಹೆಣ್ಣು ಮುಂದಿನ ಬೇಟೆಗಾಲದೊಳಗೆ ಬೆಳೆದು ತಾನೂ ಗಬ್ಬವಾಗುವ ಸಾಧ್ಯತೆ ಹೆಚ್ಚು.

ಬೇಟೆಗಾರನ ಕಣ್ಣು ಬೀಳುವುದು ದೊಡ್ಡ ಕೋರೆಯ ಒಂಟಿಗನ ಮೇಲೆ. ಸಂಖ್ಯೆಯ ಲೆಕ್ಕದಲ್ಲಿ ಒಂಟಿಗನ ಸಾವಿಗೆ ಹೆಚ್ಚು ಬೆಲೆಯಿಲ್ಲ. ಅದು ಇಲ್ಲದಿದ್ದರೆ ಇನ್ನೊಂದು ಗಂಡು ಬರುತ್ತದೆ. ಹಿಂಡಿನ ಒಂದೆರಡನ್ನು ಹೊಡೆದರೆ ಉಳಿದವು ಚೆದರಿ, ಹೆದರಿಕೆ ಕಲಿತು, ರಾತ್ರಿಯಲ್ಲಷ್ಟೇ ಓಡಾಡತೊಡಗುತ್ತವೆ. ಹಂದಿಗಳು ಪರದೇಶಿ ಪಿಡುಗಾಗಿರುವ ಅಮೆರಿಕದಲ್ಲಿ ಈ ಪಾಠ ದುಬಾರಿಯಾಗಿಯೇ ಸಿಕ್ಕಿತು. ಅಲ್ಲಿ ಶೋಕಿ ಬೇಟೆಗೆಂದು ಜನರೇ ಹಂದಿಗಳನ್ನು ಹೊಸ ಜಾಗಗಳಲ್ಲಿ ತಂದು ಬಿಟ್ಟದ್ದುಂಟು. ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿಬೇಟೆಯನ್ನೇ ನಿಷೇಧಿಸಿ, ದೊಡ್ಡ ದೊಡ್ಡಿಯೊಳಕ್ಕೆ ಮೇವಿನ ಆಸೆ ತೋರಿಸಿ ಇಡೀ ಹಿಂಡನ್ನು ಒಮ್ಮೆಗೇ ಹಿಡಿಯುವ ದಾರಿ ಹಿಡಿಯಿತು. ಹಂದಿಯ ಘಟಕ ಸಂಸಾರ. ಒಂದೊಂದನ್ನೇ ಎಣಿಸಿ ಕೊಲ್ಲುವುದರಿಂದ ಅದು ಕರಗುವುದಿಲ್ಲ.

ಭಾರತದಲ್ಲಿ ಹಂದಿ ಇಲ್ಲಿಯದೇ ಪ್ರಾಣಿ. ಹುಲಿ, ಚಿರತೆ, ಸೀಳುನಾಯಿಗಳ ಆಹಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. ಕೊಡವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ ಆಯುಧಕ್ಕೆ ಮಾತ್ರ, ಬೇಟೆಗಲ್ಲ. ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಥವಾ ಜೀವಕ್ಕೆ ಅಪಾಯವಾದಾಗ ಅಧಿಕಾರಿಯ ಲಿಖಿತ ಆದೇಶವಿದ್ದರಷ್ಟೇ ಕೊಲ್ಲಬಹುದು. ಹಂದಿಗೆಂದು ಬೇಲಿಗೆ ಕಟ್ಟಿದ ಉರುಳಿಗೆ ಕಾಫಿ ತೋಟಗಳ ಅಂಚಿನಲ್ಲಿ ಸಿಕ್ಕಿ ಸಾಯುವುದು ಎಷ್ಟೋ ಸಲ ಚಿರತೆ. ಹಂದಿಗೆಂದು ತಿನಿಸಿನೊಳಗೆ ಹುದುಗಿಸಿಟ್ಟ ಸಿಡಿಮದ್ದಿಗೆ 2020ರಲ್ಲಿ ಕೇರಳದಲ್ಲಿ ಬಲಿಯಾದದ್ದು ಗಬ್ಬದ ಆನೆ.