ಸರಾಯೆವೊದ ಕೆಂಪು ಗುಲಾಬಿಗಳು

ಬೋಸ್ನಿಯಾದ ರಾಜಧಾನಿ ಸರಾಯೆವೊ ಬೆಟ್ಟಗಳ ನಡುವಿನ ಊರು. 1992ರಿಂದ 1995ರವರೆಗೆ ಯುದ್ಧ ನಡೆದಾಗ ಅದೇ ಬೆಟ್ಟಗಳ ಮೇಲಿಂದ ಊರಿನ ಮೇಲೆ ಶೆಲ್‌ಗಳು ಬೀಳುತ್ತಿದ್ದವು. ಕರೆಂಟು, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಾನು ಹೋದಾಗ ಬೀದಿಯಲ್ಲಿ ಟ್ರಾಮ್ ಓಡುತ್ತಿತ್ತು, ಕಾಫಿ ಘಮಘಮಿಸುತ್ತಿತ್ತು. 1992ರಲ್ಲಿ ಸುಟ್ಟುಹೋಗಿದ್ದ ಗ್ರಂಥಾಲಯದ ಕಟ್ಟಡ 2014ರಲ್ಲಿ ಮತ್ತೆ ತೆರೆದಿದೆ. ಅದರ ಬಣ್ಣದ ಗಾಜಿನ ಚಾವಣಿ ನೋಡಲು ಎರಡು ಕಣ್ಣು ಸಾಲದು. ಸುಟ್ಟ ಪುಸ್ತಕಗಳು ಮಾತ್ರ ಹಿಂತಿರುಗಲಿಲ್ಲ.

ಆದರೆ ಊರಿನವರು ಎಲ್ಲ ಗಾಯಗಳನ್ನೂ ಮುಚ್ಚಿಲ್ಲ. ರಸ್ತೆಯಲ್ಲಿ ಅಲ್ಲಲ್ಲಿ ಕೆಂಪು ಹೂವಿನಂಥ ಗುರುತುಗಳಿವೆ. ಶೆಲ್ ಸಿಡಿದು ಜನ ಸತ್ತ ಜಾಗದ ಗುಳಿಗಳಿಗೆ ಕೆಂಪು ರಾಳ ತುಂಬಿದ್ದಾರೆ. ಅವಕ್ಕೆ ‘ಸರಾಯೆವೊ ಗುಲಾಬಿ’ ಎಂದು ಹೆಸರು. ನಾನಂತೂ ತುಳಿಯಲಾರದೆ ಪಕ್ಕಕ್ಕೆ ಸರಿದು ನಡೆದೆ.

ಹೆಚ್ಚು ಹೊತ್ತು ನಿಂತದ್ದು 2017ರಲ್ಲಿ ಆರಂಭವಾದ ‘ಯುದ್ಧಕಾಲದ ಬಾಲ್ಯ’ ವಸ್ತುಸಂಗ್ರಹಾಲಯದಲ್ಲಿ. ಮಕ್ಕಳೇ, ಅಲ್ಲಿ ರಾಜರ ಕತ್ತಿ, ಕಿರೀಟ ಏನೂ ಇಲ್ಲ. ಆಗ ನಿಮ್ಮಷ್ಟೇ ಚಿಕ್ಕವರಾಗಿದ್ದವರು ಜೋಪಾನ ಮಾಡಿ ಕೊಟ್ಟ ಗೊಂಬೆ, ಬಟ್ಟೆ, ದಿನಚರಿಗಳಿವೆ. ಪಕ್ಕದಲ್ಲಿ ಅವರದೇ ಮಾತು. ಒಂದು ಗೊಂಬೆಯ ಮುಂದೆ ಹುಡುಗನೊಬ್ಬ ಅಜ್ಜಿಯ ಕೈ ಜಗ್ಗಿ ಏನೋ ಕೇಳಿದ. ಅವರ ಭಾಷೆ ನನಗೆ ಬಾರದು. ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಬಹಳ ಹೊತ್ತು ಹೇಳುತ್ತಲೇ ಇದ್ದರು.