ಉಂಡವರು ಎಲೆ ಎತ್ತಬೇಡವೆ?

ಬಂಗಾರಪೇಟೆ ಕಡೆಯ ಹೊಲದವರಿಗೆ ಕೆ.ಜಿ.ಎಫ್. ಹೊಸ ಊರಲ್ಲ. ಅವರೆಕಾಯಿ ಕಾಲದಲ್ಲಿ ನಾನೂ ನಾಲ್ಕು ಮೂಟೆ ಕಟ್ಟಿಕೊಂಡು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗುತ್ತೇನೆ. ದೂರದಿಂದಲೇ ಕಾಣುವುದು ಬೂದುಬಣ್ಣದ ಗುಡ್ಡಗಳು. ಜನ ಸೈನೈಡ್ ಗುಡ್ಡ ಅಂತಾರೆ. ದೇವರು ಮಾಡಿದ್ದಲ್ಲ, ಮನುಷ್ಯ ಪೇರಿಸಿದ್ದು. ಬೇಸಿಗೆ ಗಾಳಿಗೆ ಮೇಲಿನ ಹುಡಿ ಹಿಟ್ಟು ತೂರಿದ ಹಾಗೆ ಏಳುತ್ತೆ.

ಹೋದ ಸಲ ಟೀ ಅಂಗಡಿಯಲ್ಲಿ ಗಣಿಯಲ್ಲಿ ದುಡಿದ ಹಿರಿಯರೊಬ್ಬರು ಸಿಕ್ಕರು. "ಯಜಮಾನ್ರೆ, ಈ ಗುಡ್ಡ ಹರಾಜು ಹಾಕ್ತಾರಂತೆ ಹೌದಾ?" ಅಂದೆ. "ಅದರೊಳಗೆ ಇನ್ನೂ ಬಂಗಾರ ಐತಲ್ಲಪ್ಪ. ಬಂಗಾರ ತಗೊಂಡು ಹೋಗ್ತಾರೆ. ಧೂಳು ಯಾರು ತಗೊಂಡು ಹೋಗ್ತಾರೆ?" ಅಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಗುಡ್ಡ ಆದ ಬಗೆ

1880ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಕಂಪನಿಯವರು ದೊಡ್ಡದಾಗಿ ಗಣಿ ಶುರುಮಾಡಿದರು. 1956ರಲ್ಲಿ ಗಣಿ ಸರಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರಕಾರದ ಕಂಪನಿ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು.

ಕಲ್ಲನ್ನು ಹಿಟ್ಟುಮಾಡಿ, ಸೈನೈಡ್ ನೀರಿನಲ್ಲಿ ಕಲಸಿ ಬಂಗಾರ ಬಿಡಿಸುತ್ತಾರೆ. ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ. ಉಳಿದದ್ದೆಲ್ಲ ಗುಡ್ಡ. ಹಾಗೆ ಆದವು 13 ಗುಡ್ಡ, ಸಾವಿರ ಎಕರೆ, ಸುಮಾರು 3.3 ಕೋಟಿ ಟನ್ ಹುಡಿ. ಸೈನೈಡು ಬಿಸಿಲು-ಗಾಳಿಗೆ ಕಾಲಕ್ರಮೇಣ ಕಳೆಯುತ್ತೆ. ಆದರೆ ಬಂಗಾರದ ಕಲ್ಲಿನ ಜೊತೆ ಬರುವ ಆರ್ಸೆನಿಕ್, ಸೀಸದಂಥ ವಿಷಗಳು ವರ್ಷ ಎಷ್ಟಾದರೂ ಕಳೆಯುವುದಿಲ್ಲ.

2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಈ 13 ಗುಡ್ಡಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಕೆಲಸ ಬೇಕು. ಆದರೆ ಗುಡ್ಡ ಅಗೆದು, ಬಂಗಾರ ಬಸಿದು, ಮತ್ತೆ ಹುಡಿಯನ್ನೇ ಸುರಿದು ಹೋದರೆ?

ಕಾನೂನು ಏನು ಹೇಳುತ್ತೆ

2025ರ ಜುಲೈನಲ್ಲಿ ಕೇಂದ್ರ ಸರಕಾರ ವಿಷಗೊಂಡ ಜಾಗಗಳ ಬಗ್ಗೆ ಹೊಸ ನಿಯಮ ಮಾಡಿತು. ಅನುಮಾನ ಇರುವ ಜಾಗಗಳನ್ನು ಜಿಲ್ಲಾಡಳಿತ ಪಟ್ಟಿಮಾಡಬೇಕು, ಮಾಲಿನ್ಯ ಮಂಡಳಿ ಪರೀಕ್ಷಿಸಬೇಕು. ಕೆಡಿಸಿದವನೇ ಖರ್ಚು ಕೊಡಬೇಕು. ಅವನು ಸಿಗದಿದ್ದರೆ, ಇಲ್ಲವೆ ಅವನ ಕೈಲಾಗದಿದ್ದರೆ ಸರಕಾರ ಕೊಡಬೇಕು. ಓದಿ ಖುಷಿಪಟ್ಟೆ. ಮುಂದಿನ ಸಾಲಿನಲ್ಲಿ ಖುಷಿ ಇಳಿಯಿತು. ಗಣಿಗಾರಿಕೆಯಿಂದ ಆದ ಕೊಳೆಗೆ ಈ ನಿಯಮ ಅನ್ವಯಿಸುವುದಿಲ್ಲ! ಬೇರೆ ವಿಷ ಬೆರೆತು ಮಿತಿ ಮೀರಿದ್ದರೆ ಮಾತ್ರ ಅನ್ವಯಿಸುತ್ತೆ.

ಹಾಗಾದರೆ ಹಣಕ್ಕೆ ದಾರಿ ಇಲ್ಲವೆ? ಉಂಟು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಿರು ಮಾರಿದ ಹಣದಲ್ಲೇ ಒಂದು ಪಾಲು ಆ ಊರುಗಳನ್ನು ಸರಿಪಡಿಸಲು ತೆಗೆದಿಡಿಸಿತು. ಅದು ಸಾವಿರಾರು ಕೋಟಿ ಆಗಿದೆ. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು? 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಹರಾಜಿನಲ್ಲಿ ಗಣಿ ಹಿಡಿದವರು ರಾಜಧನದ 10ರಲ್ಲಿ 1 ಪಾಲಿನಷ್ಟನ್ನು ಅದಕ್ಕೂ ಕಟ್ಟಬೇಕು. ಆ ಹಣ ಗಣಿಯಿಂದ ತೊಂದರೆಯಾದ ಊರುಗಳಿಗೆ ಸೇರಿದ್ದು. ಕುಡಿಯುವ ನೀರು, ಪರಿಸರ ಮೊದಲ ಲೆಕ್ಕದಲ್ಲೇ ಬರುತ್ತೆ.

ನಾವು ಮಾಡಬೇಕಾದ್ದು

ಒಂದು: ರೈತ ಸಂಪರ್ಕ ಕೇಂದ್ರಕ್ಕೆ ಕೊಡುವ ಮಣ್ಣಿನ ಪರೀಕ್ಷೆ ನಂಬಿ ಕೂರಬೇಡಿ. ಮಣ್ಣಿನ ಕಾರ್ಡಿನ 12 ಅಂಶಗಳಲ್ಲಿ ಸಾರಜನಕ, ಸತು ಎಲ್ಲ ಇವೆ. ಆರ್ಸೆನಿಕ್, ಸೀಸ ಇಲ್ಲ. ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು.

ಎರಡು: ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಗುಡ್ಡದ ಸುತ್ತಿನ ಬಾವಿ, ಕೆರೆ, ಹೊಲಗಳ ಪರೀಕ್ಷೆ ಹರಾಜಿಗೆ ಮುಂಚೆಯೇ ಆಗಲಿ. ನಾಳೆ ಹೋಲಿಸಿ ನೋಡಲು ಇವತ್ತಿನ ಲೆಕ್ಕ ಬೇಕಲ್ಲ.

ಮೂರು: ಕೊನೆಗೆ ಉಳಿಯುವ ಹುಡಿಯನ್ನು ಹೂಳಿ, ಮೇಲೆ ಒಳ್ಳೆ ಮಣ್ಣು ಹರವಿ, ಹುಲ್ಲು ಹಿಡಿಸುವ ಖರ್ಚನ್ನು ಮೊದಲೇ ಠೇವಣಿ ಇಡಿಸಬೇಕು. ಹುಲ್ಲು ಹಿಡಿಯುತ್ತಾ ಅನ್ನುವವರಿಗೆ ಹೇಳುತ್ತೇನೆ, ಲಾವಂಚವನ್ನು ಹೊರದೇಶಗಳಲ್ಲಿ ಇಂಥ ಗಣಿಹುಡಿ ಮೇಲೇ ಬೆಳೆಸಿದ್ದಾರೆ. ನಮ್ಮ ನೆಲದ್ದೇ ಹುಲ್ಲು ಅದು. ಒಂದು ಎಚ್ಚರ: ಅಂಥ ಜಾಗದಲ್ಲಿ ಬೆಳೆದದ್ದನ್ನು ದನಕ್ಕೆ ಹಾಕಬಾರದು.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಒಂದು ಲೆಕ್ಕ ಗೊತ್ತು. ಗುತ್ತಿಗೆಗೆ ಹೊಲ ಹಿಡಿದವನು ಬದು ಕೆಡಿಸಿದರೆ ಸರಿಮಾಡಿಯೇ ಬಿಟ್ಟುಕೊಡಬೇಕು. ನೂರಿಪ್ಪತ್ತು ವರ್ಷ ಬಂಗಾರ ಉಂಡಾಯಿತು. ಕೊನೆಯಲ್ಲಿ ಉಂಡದ್ದು ಸರಕಾರವೇ. ಎಲೆ ಎತ್ತುವ ಹಣವನ್ನು ಊಟದ ಲೆಕ್ಕದಲ್ಲೇ ಹಿಡಿಯಲಿ.